ಅಡವಿನ ಓಲೆಯೂ ಬಿಡುಗಡೆಯ ಶಿಲೆಯೂ: ಬೆಳ್ಗೊಳದ 1634ರ ಶಾಸನಗಳು

ಶಕವರ್ಷ 1556ನೆಯ ಭಾವ ಸಂವತ್ಸರದ ಆಷಾಢ ಶುದ್ಧದಲ್ಲಿ, ಅಂದರೆ ಕ್ರಿ.ಶ. 1634ರಲ್ಲಿ, ಶ್ರವಣಬೆಳ್ಗೊಳದ ದೇವಭೂಮಿಗಳ ಅಡವು ಬಿಡುಗಡೆಯಾದ ಸಂಗತಿಯನ್ನು ಎರಡು ಶಾಸನಗಳು ತಿಳಿಸುತ್ತವೆ. ಒಂದು ದೊಡ್ಡಬೆಟ್ಟದ ಮೇಲಿನ ಶಿಲಾಶಾಸನ. ಮತ್ತೊಂದು ಮಠದ ತಾಮ್ರಶಾಸನ. 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಸಂಪುಟದಲ್ಲಿ ಇವು ಕ್ರಮವಾಗಿ 84 ಮತ್ತು 140ನೆಯವು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿಯಲ್ಲಿ 250 ಮತ್ತು 352ನೆಯವು. ಮೈಸೂರಿನ ಅರಸರಿಗೂ ಜೈನಧರ್ಮಕ್ಕೂ ಇದ್ದ ಬಾಂಧವ್ಯಕ್ಕೆ ನಿದರ್ಶನವಾಗಿ ಇವುಗಳನ್ನು ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ಭೂಮಿಯ ಮೇಲಣ ಹಕ್ಕು ಬರಹಕ್ಕಿಳಿಯುತ್ತಿದ್ದ ರೀತಿ, ಆ ಬರಹ ಸಾರ್ವಜನಿಕ ದಾಖಲೆಯಾಗುತ್ತಿದ್ದ ರೀತಿ, ಹಾಗೆ ದಾಖಲಾಗದೆ ಉಳಿದಾಗ ಒದಗುತ್ತಿದ್ದ ಹಾನಿ, ಈ ದೃಷ್ಟಿಯಿಂದ ಇವುಗಳನ್ನು ಪರಿಶೀಲಿಸಿದವರು ವಿರಳ. ಒಂದೇ ವಿಷಯವನ್ನು ತಾಮ್ರದಲ್ಲಿಯೂ ಶಿಲೆಯಲ್ಲಿಯೂ ಬರೆಯಿಸಬೇಕಾದ ಅಗತ್ಯವೇನಿತ್ತೆಂಬ ಪ್ರಶ್ನೆಗೆ ಉತ್ತರವೂ ಈ ದಿಕ್ಕಿನಲ್ಲಿಯೇ ಇದೆ.

ಶಾಸನಗಳ ಸಾರಾಂಶವಿಷ್ಟು. ಗೊಮ್ಮಟನಾಥಸ್ವಾಮಿಯ ಪೂಜಾದಿಗಳಿಗೆಂದು ಪೂರ್ವದ ಅರಸರು ಬಿಟ್ಟ ಭೂಮಿಗಳನ್ನು ಬೆಳ್ಗೊಳದ ಸ್ಥಾನದವರು ವರ್ತಕರಲ್ಲಿ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಆ ಭೂಮಿಗಳನ್ನು ಅನುಭವಿಸುತ್ತ ಬಂದುದರಿಂದ ದೇವರ ಪೂಜೆಗೆ ಲೋಪವುಂಟಾಗಿತ್ತು. ಮೈಸೂರಿನ ಚಾಮರಾಜ ಒಡೆಯರು (1617–1637) ಇದನ್ನು ವಿಚಾರಿಸಿ, ಹೊಸವೊಳಲ ಕೆಂಪಪ್ಪನ ಮಗ ಚನ್ನಣ್ಣ ಮೊದಲಾದ ಅಡವುದಾರರನ್ನು ಕರೆಯಿಸಿ, ಅವರ ಸಾಲವನ್ನು ತಾವೇ ತೀರಿಸಿಕೊಡುವುದಾಗಿ ನುಡಿದರು. ಆಗ ಆ ವರ್ತಕರು ಹಣವನ್ನು ಪಡೆಯದೆ, ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು, ದೇವರ ಮತ್ತು ಗುರುವಿನ ಸಾಕ್ಷಿಯಾಗಿ ಧಾರೆಯೆರೆದು ಅಡವನ್ನು ಬಿಟ್ಟುಕೊಟ್ಟರು.

ಅರಸರು ಹಣ ತೆತ್ತು ಭೂಮಿಗಳನ್ನು ಬಿಡಿಸಿದರೆಂದು ಅನೇಕ ಗ್ರಂಥಗಳಲ್ಲಿ ಬರೆದಿರುವುದುಂಟು. ಶಾಸನದ ಮಾತು ಹಾಗಿಲ್ಲ. ಅರಸರು ತೆರಲು ಸಿದ್ಧರಾದರು. ವರ್ತಕರು ದಾನವಾಗಿ ಬಿಟ್ಟರು. ಈ ಭೇದವು ಅಲ್ಪವಾದುದಲ್ಲ. ಸಾಲ ತೀರಿಸಿದ್ದರೆ ಅದು ಋಣವಿಮೋಚನೆ, ಅಡವಿನ ಓಲೆಯ ಬೆನ್ನಿನ ಮೇಲೆ ಒಂದು ಸಂದಾಯದ ಬರಹವಿದ್ದರೆ ಸಾಕಾಗುತ್ತಿತ್ತು. ಧಾರಾಪೂರ್ವಕವಾಗಿ ಬಿಟ್ಟುದರಿಂದ ಅದು ಹೊಸದೊಂದು ದಾನವಾಯಿತು. ದಾನಕ್ಕೆ ದಾತೃ, ಪ್ರತಿಗ್ರಹೀತೃ, ದೇಯವಸ್ತು, ಸಾಕ್ಷಿ ಎಲ್ಲವೂ ಬೇಕು. ಅದಕ್ಕೆ ಶಾಸನವೂ ಬೇಕು. ವರ್ತಕರ ಔದಾರ್ಯವನ್ನು ಅರಸರ ಖ್ಯಾತಿಯಲ್ಲಿ ಮರೆಯಾಗಿಸುವುದು ಶಾಸನವನ್ನು ಬರೆಯಿಸಿದವರಿಗೂ ಇಷ್ಟವಿರಲಿಲ್ಲವೆಂಬುದು ಸ್ಪಷ್ಟ. ಇಲ್ಲದಿದ್ದರೆ ಅಡವುದಾರರನ್ನು ತಂದೆಯ ಹೆಸರು ಸಹಿತ ಹೆಸರಿಸುವ ಅಗತ್ಯವೇನಿತ್ತು?

ಇನ್ನೂ ಗಮನಾರ್ಹವಾದುದೆಂದರೆ, ಅರಸರು ಆ ಅಡವುಗಳನ್ನು ಅಸಿಂಧುವೆಂದು ತಳ್ಳಿಹಾಕಲಿಲ್ಲ. ದೇವಸ್ವವನ್ನು ಅಡವಿಡಲು ಸ್ಥಾನದವರಿಗೆ ಅಧಿಕಾರವಿತ್ತೇ ಎಂದು ಪ್ರಶ್ನಿಸಿ ಒಂದೇ ಆಜ್ಞೆಯಿಂದ ಭೂಮಿಗಳನ್ನು ಬಿಡಿಸಬಹುದಾಗಿತ್ತು. ಹಾಗೆ ಮಾಡದೆ ಸಾಲ ತೀರಿಸುವೆನೆಂದುದರ ಕಾರಣವನ್ನು ಅಂದಿನ ವ್ಯವಹಾರಶಾಸ್ತ್ರದಲ್ಲಿ ಹುಡುಕಬೇಕಾಗುತ್ತದೆ.

ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದ ವಿವಾದಸಮುದ್ದೇಶದಲ್ಲಿ ಭುಕ್ತಿ, ಸಾಕ್ಷಿ, ಶಾಸನ ಎಂಬ ಮೂರು ಪ್ರಮಾಣಗಳನ್ನು ಹೇಳಿದ್ದಾರೆ. ಬೆಳ್ಗೊಳದ ಅಡವುದಾರರಿಗೆ ಭೂಮಿಯ ಭುಕ್ತಿಯಿತ್ತು, ಕೈಯಲ್ಲಿ ಅಡವಿನ ಪತ್ರವಿತ್ತು. ಸ್ಥಾನದವರ ಪಕ್ಷಕ್ಕೆ ಉಳಿದಿದ್ದುದು ಪೂರ್ವದ ಅರಸರ ದಾನಶಾಸನಗಳು ಮಾತ್ರ. ಆದರೆ ಭುಕ್ತಿಯು ಎಷ್ಟು ದೀರ್ಘವಾದರೂ ಅಡವನ್ನು ಸ್ವಾಮ್ಯವನ್ನಾಗಿ ಮಾರ್ಪಡಿಸಲಾರದು. ಅಡವು, ಸೀಮೆ, ನಿಕ್ಷೇಪ ಮೊದಲಾದವು ಪರರ ಅನುಭವದಿಂದ ನಷ್ಟವಾಗವೆಂಬುದು ಯಾಜ್ಞವಲ್ಕ್ಯಸ್ಮೃತಿಯ ನಿಯಮ. ಆದುದರಿಂದ ವರ್ತಕರು ಎಷ್ಟು ಕಾಲ ಉಂಡರೂ ಒಡೆಯರಾಗಲಿಲ್ಲ; ಸಾಲ ತೀರುವವರೆಗೆ ಅವರನ್ನು ಹೊರಡಿಸುವಂತೆಯೂ ಇರಲಿಲ್ಲ. ಅರಸರ ಮಾತು ಈ ಎರಡು ತತ್ತ್ವಗಳ ನಡುವಣ ಸರಿಯಾದ ದಾರಿಯಾಗಿದೆ.

ಅದೇ ಸ್ಮೃತಿಯಲ್ಲಿ ಮತ್ತೊಂದು ನಿಯಮವಿದೆ. ಸಾಮಾನ್ಯ ವ್ಯವಹಾರಗಳಲ್ಲಿ ತರುವಾಯದ ಕ್ರಿಯೆಗೆ ಬಲ ಹೆಚ್ಚು. ಆದರೆ ಅಡವು, ಪ್ರತಿಗ್ರಹ, ಕ್ರಯ ಈ ಮೂರರಲ್ಲಿ ಮೊದಲಿನದಕ್ಕೇ ಬಲ ಹೆಚ್ಚು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ವಿವರಿಸುತ್ತ, ಒಂದೇ ಕ್ಷೇತ್ರವನ್ನು ಒಬ್ಬನಲ್ಲಿ ಅಡವಿಟ್ಟು ಮತ್ತೆ ಇನ್ನೊಬ್ಬನಲ್ಲಿ ಅಡವಿಟ್ಟರೆ ಮೊದಲಿನವನಿಗೇ ಅದು ಸಲ್ಲತಕ್ಕದ್ದೆಂದು ಹೇಳುತ್ತಾನೆ. ವಿಷ್ಣುಸ್ಮೃತಿಯಂತೂ ಗೋಚರ್ಮದಷ್ಟು ಭೂಮಿಯನ್ನಾದರೂ ಒಬ್ಬನಲ್ಲಿ ಅಡವಿಟ್ಟು ಬಿಡಿಸದೆ ಮತ್ತೊಬ್ಬನಲ್ಲಿ ಇಟ್ಟವನಿಗೆ ಉಗ್ರದಂಡವನ್ನು ವಿಧಿಸುತ್ತದೆ. ದಂಡದ ಉಗ್ರತೆಯನ್ನು ನೋಡಿದರೆ ಆ ವಂಚನೆ ಅಪರೂಪವಾಗಿರಲಿಲ್ಲವೆಂದು ಊಹಿಸಬಹುದು.

ಪೂರ್ವಕ್ರಿಯೆಗೇ ಬಲವೆಂದಮೇಲೆ, ಆ ಪೂರ್ವಕ್ರಿಯೆ ನಡೆದಿದೆಯೇ ಎಂಬುದು ಮೂರನೆಯವನಿಗೆ ತಿಳಿಯುವುದು ಹೇಗೆ? ಭೂಪತ್ರಗಳ ದಾಖಲೆಯ ಇತಿಹಾಸವೆಲ್ಲ ಈ ಪ್ರಶ್ನೆಯನ್ನು ಸುತ್ತಿಕೊಂಡಿದೆ. ಓಲೆಯು ಅದನ್ನು ಹಿಡಿದವನ ಪೆಟ್ಟಿಗೆಯಲ್ಲಿರುತ್ತದೆ. ಅದರ ಇರವು ಬರೆದವನಿಗೂ ಬರೆಯಿಸಿಕೊಂಡವನಿಗೂ ಸಾಕ್ಷಿ ಹಾಕಿದ ನಾಲ್ವರಿಗೂ ತಿಳಿದಿರಬಹುದು. ಸಾಕ್ಷಿಗಳು ಕಾಲವಶರಾದಮೇಲೆ ಅದೂ ಇಲ್ಲ. ವಿಷ್ಣುಸ್ಮೃತಿಯು ಲೇಖ್ಯವನ್ನು ರಾಜಸಾಕ್ಷಿಕ, ಸಸಾಕ್ಷಿಕ, ಅಸಾಕ್ಷಿಕ ಎಂದು ಮೂರಾಗಿ ವಿಂಗಡಿಸಿ, ರಾಜನ ಅಧಿಕರಣದಲ್ಲಿ ಅವನು ನೇಮಿಸಿದ ಕಾಯಸ್ಥನು ಬರೆದು, ಅಧ್ಯಕ್ಷನು ತನ್ನ ಹಸ್ತದಿಂದ ಗುರುತು ಹಾಕಿದುದು ರಾಜಸಾಕ್ಷಿಕವೆಂದು ಲಕ್ಷಣ ಹೇಳುತ್ತದೆ. ಇಂದಿನ ನೋಂದಣಿ ಕಚೇರಿಯ ಕಲ್ಪನೆಗೆ ಇದಕ್ಕಿಂತ ಸಮೀಪವಾದ ಪ್ರಾಚೀನ ವಾಕ್ಯವನ್ನು ಕಾಣುವುದು ಕಷ್ಟ.

ಬೆಳ್ಗೊಳದಲ್ಲಿ ಅಡವಿನ ಬಿಡುಗಡೆಯನ್ನು ಶಿಲೆಗೇರಿಸಿದುದು 1634ರಲ್ಲಿಯೇ ಮೊದಲಲ್ಲ. ಅದಕ್ಕೆ ಸುಮಾರು ತೊಂಬತ್ತೈದು ವರ್ಷಗಳ ಹಿಂದೆ, 1539ರಲ್ಲಿ, ಗೇರಸೊಪ್ಪೆಯ ಚವುಡಿಸೆಟ್ಟಿಯು ಕೆಲವರ ಅಡವುಗಳನ್ನು ಬಿಡಿಸಿಕೊಟ್ಟ ಸಂಗತಿ ದೊಡ್ಡಬೆಟ್ಟದ ಶಾಸನಗಳಲ್ಲಿ ಬಂದಿದೆ. ಕಂಭಯ್ಯನೆಂಬವನ ಕ್ಷೇತ್ರವು ಅಡವಿನಲ್ಲಿ ಸಿಕ್ಕಿಕೊಂಡಿರಲು ಸೆಟ್ಟಿಯು ಅದನ್ನು ಬಿಡಿಸಿದನು; ಅದಕ್ಕೆ ಪ್ರತಿಯಾಗಿ ಕಂಭಯ್ಯನು ಒಂದು ತಂಡಕ್ಕೆ ಆಹಾರದಾನವನ್ನೂ ಹೂವಿನ ಸೇವೆ ಮೊದಲಾದುವನ್ನೂ ಆಚಂದ್ರಾರ್ಕವಾಗಿ ನಡೆಯಿಸುವೆನೆಂದು ಧರ್ಮಸಾಧನವನ್ನು ಬರೆದುಕೊಟ್ಟನು. ಇಂತಹದೇ ಸಾಧನಗಳನ್ನು ಬೇರೆ ಕೆಲವರೂ ಅದೇ ಸೆಟ್ಟಿಗೆ ಕೊಟ್ಟಿದ್ದಾರೆ. ಸಾಧನವೆಂಬ ಶಬ್ದವೇ ಇಲ್ಲಿ ಪತ್ರವೆಂಬರ್ಥದ್ದು. ಇಬ್ಬರು ಗೃಹಸ್ಥರ ನಡುವಣ ಕರಾರು, ಅರಸನ ಹೆಸರಿನ ಹಂಗಿಲ್ಲದೆ, ಗೊಮ್ಮಟನ ಸನ್ನಿಧಿಯ ಕಲ್ಲಿನಲ್ಲಿ ಏಕೆ ಕುಳಿತಿತು? ಸಾಲ ಕೊಟ್ಟವನು ಗೇರಸೊಪ್ಪೆಯವನು. ಧರ್ಮ ನಡೆಯಬೇಕಾದುದು ಬೆಳ್ಗೊಳದಲ್ಲಿ. ಊರಿನಲ್ಲಿಲ್ಲದ ದಾತೃವಿನ ಪರವಾಗಿ ಪ್ರತಿದಿನವೂ ಕಾವಲು ನಿಲ್ಲಬಲ್ಲ ಸಾಕ್ಷಿ ಕಲ್ಲೊಂದೇ. ಯಾತ್ರಿಕರ ಮುಂದೆ, ಸ್ಥಾನದವರ ಮುಂದೆ, ಕಂಭಯ್ಯನ ಮಕ್ಕಳ ಮುಂದೆ ಅದು ತನ್ನ ಮಾತನ್ನು ಹೇಳುತ್ತಲೇ ಇರುತ್ತದೆ.

ಇದರ ಬೆಳಕಿನಲ್ಲಿ 1634ರ ತಾಮ್ರವನ್ನೂ ಶಿಲೆಯನ್ನೂ ನೋಡಿದರೆ ಅವು ಒಂದರ ನಕಲು ಇನ್ನೊಂದಲ್ಲವೆಂದು ತಿಳಿಯುತ್ತದೆ. ತಾಮ್ರಶಾಸನವು ಹಕ್ಕುಳ್ಳವರ ಸ್ವಾಧೀನದಲ್ಲಿರತಕ್ಕ ಮೂಲಪತ್ರ. ವಿವಾದ ಬಂದಾಗ ಒಯ್ದು ತೋರಿಸಲು, ಅರಸರು ಬದಲಾದಾಗ ಮುಂದಿಟ್ಟು ಹೊಸ ಮನ್ನಣೆ ಪಡೆಯಲು ಅದು ಬೇಕು. ದಾನವನ್ನು ಪಟದ ಮೇಲಾಗಲಿ ತಾಮ್ರದ ಮೇಲಾಗಲಿ ಬರೆಯಿಸಬೇಕೆಂದೂ, ಮುಂದೆ ಬರುವ ಅರಸರ ತಿಳಿವಳಿಕೆಗಾಗಿಯೇ ಅದು ಎಂದೂ ಯಾಜ್ಞವಲ್ಕ್ಯನು ವಿಧಿಸಿರುವುದು ಈ ಪ್ರಯೋಜನವನ್ನೇ ಕುರಿತು. ಆದರೆ ತಾಮ್ರಪಟಕ್ಕೆ ಒಂದು ದೌರ್ಬಲ್ಯವಿದೆ. ಅದನ್ನು ಕದ್ದು ಬಚ್ಚಿಡಬಹುದು, ಕರಗಿಸಬಹುದು, ಮನೆಯ ಮೂಲೆಯಲ್ಲಿ ಕುಳಿತು ಹೊಸದನ್ನು ಸೃಷ್ಟಿಸಲೂಬಹುದು.

ಮಡಿಕೇರಿಯ ಖಜಾನೆಯಲ್ಲಿದ್ದ ಗಂಗ ಅವಿನೀತನ ಹೆಸರಿನ ತಾಮ್ರಶಾಸನದ ವಿಷಯವು ಜೈನವಿದ್ವಾಂಸರಿಗೆ ಅಪರಿಚಿತವಲ್ಲ. ತಳವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆಯನ್ನು ಕೊಟ್ಟುದನ್ನು ಹೇಳುವ ಆ ಶಾಸನದಲ್ಲಿ 388ನೆಯ ವರ್ಷದ ನಿರ್ದೇಶವಿದೆ, ಕೊಂಡಕುಂದಾನ್ವಯದ ಗುರುಪರಂಪರೆಯೂ ಇದೆ. ಅದನ್ನು ಶಕವರ್ಷವೆಂದು ಹಿಡಿದು ಕುಂದಕುಂದಾಚಾರ್ಯರ ಕಾಲನಿರ್ಣಯಕ್ಕೆ ಆಧಾರವಾಗಿ ಬಳಸಿದವರಿದ್ದಾರೆ. ಆದರೆ ಅದರಲ್ಲಿಯೇ ಅಕಾಲವರ್ಷ ಪೃಥ್ವೀವಲ್ಲಭನೆಂಬ ರಾಷ್ಟ್ರಕೂಟರ ಬಿರುದು ಕಾಣುವುದರಿಂದ, ಫ್ಲೀಟ್ ಮೊದಲಾದವರು ಅದು ಬಹುಕಾಲದ ತರುವಾಯ ರಚಿತವಾದುದೆಂದು ಆಕ್ಷೇಪಿಸಿದರು. ಒಂದು ಊರಿನ ಹಕ್ಕನ್ನು ರಕ್ಷಿಸಲು ಯಾರೋ ಎಂದೋ ಬರೆದ ತಗಡು ಒಂದು ಆಚಾರ್ಯಪರಂಪರೆಯ ಕಾಲಗಣನೆಯನ್ನೇ ಅಲುಗಿಸುವಂತಾಯಿತು! ಊರ ನಡುವೆ ನಿಂತ ಕಲ್ಲಿನ ವಿಷಯದಲ್ಲಿ ಇಂತಹ ಕೃತ್ರಿಮ ಅಸಾಧ್ಯವಲ್ಲವಾದರೂ ಸುಲಭವಲ್ಲ. ಊರಿಗೆ ಊರೇ ಸುಮ್ಮನಿರಬೇಕಾಗುತ್ತದೆ.

ಶಿಲೆಯು ಒಂದೇ ಕಡೆ ಇರುವುದೂ ಕೆಲವು ಸಲ ಸಾಲದೆಂದು ಹಿಂದಿನವರು ಅರಿತಿದ್ದರು. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಡಂಬಡಿಕೆಯ ಶಾಸನವು ಬೆಳ್ಗೊಳದ ಭಂಡಾರಬಸದಿಯಲ್ಲಿ ಇರುವಂತೆಯೇ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಮನೆಗೆ ವರ್ಷಕ್ಕೊಂದು ಹಣದಂತೆ ಜೈನರು ಕೊಡತಕ್ಕದ್ದೆಂದೂ, ಅದರಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಟ್ಟು, ಮಿಕ್ಕುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಯಿಸತಕ್ಕದ್ದೆಂದೂ ಅದರಲ್ಲಿ ಗೊತ್ತುಪಡಿಸಿದೆ. ಒಪ್ಪಂದಕ್ಕೆ ಬದ್ಧರಾದವರು ನಾಡಿನ ನಾನಾ ಕಡೆ ಇದ್ದುದರಿಂದ ದಾಖಲೆಯೂ ಅವರಿರುವಲ್ಲಿಗೆ ಹೋಗಬೇಕಾಯಿತು.

1634ರ ಶಿಲಾಶಾಸನದ ಕಡೆಯ ಭಾಗವು ಈ ವಿಚಾರಕ್ಕೆ ಮುಕುಟಪ್ರಾಯವಾಗಿದೆ. ಇನ್ನು ಮುಂದೆ ಸ್ಥಾನದವರು ಈ ಭೂಮಿಗಳನ್ನು ಅಡವಿಟ್ಟರೆ ಅವರೂ, ಅಡವು ಹಿಡಿದರೆ ಹಿಡಿದವರೂ ದರ್ಶನಧರ್ಮಕ್ಕೆ ಹೊರಗು. ಅಂಥವರಿಗೆ ಸ್ಥಾನಮಾನ್ಯಗಳ ಮೇಲೆ ಹಕ್ಕಿಲ್ಲ. ಮೀರಿ ನಡೆದರೆ ಆಯಾ ಕಾಲದಲ್ಲಿ ರಾಜ್ಯವಾಳುವವರು ದೇವರ ಧರ್ಮವನ್ನು ಪೂರ್ವದಂತೆ ನಡೆಯಿಸಬೇಕು. ಉಪೇಕ್ಷಿಸಿದ ಅರಸರಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ದೋಷ. ಶಾಪವಾಕ್ಯವು ಎಲ್ಲ ಶಾಸನಗಳಲ್ಲಿಯೂ ಉಂಟು. ಅಡವು ಹಿಡಿಯುವವನನ್ನೂ ಇಡುವವನನ್ನೂ ಒಂದೇ ನಿಷೇಧದಲ್ಲಿ ಸೇರಿಸಿದುದು ಇದರ ವೈಶಿಷ್ಟ್ಯ. ಇಡುವವರಾದ ಸ್ಥಾನದವರು ಬೆಟ್ಟದ ಮೇಲೆಯೇ ಇರುವವರು, ಅವರಿಗೆ ಬಾಯಿಮಾತಿನಲ್ಲಿ ಹೇಳಬಹುದಾಗಿತ್ತು. ಹಿಡಿಯಲು ಬರುವವನು ಯಾವ ಊರಿನವನೋ, ಯಾವ ತಲೆಮಾರಿನವನೋ ಯಾರೂ ಅರಿಯರು. ಹಣದ ಚೀಲ ಹಿಡಿದು ಬರುವ ಆ ಅಜ್ಞಾತ ವರ್ತಕನಿಗಾಗಿಯೇ ಈ ಕಲ್ಲು. ಅದು ಎಲ್ಲರ ಕಣ್ಣಿಗೆ ಬೀಳುವಲ್ಲಿ ನಿಂತಮೇಲೆ, ತನಗೆ ತಿಳಿದಿರಲಿಲ್ಲವೆಂದು ಅವನು ವಾದಿಸುವಂತಿಲ್ಲ. ಅಮೆರಿಕದಲ್ಲಿ ಆಗ ಹೊಸದಾಗಿ ನೆಲೆಸಿದ್ದ ಮ್ಯಾಸಚೂಸೆಟ್ಸ್ ವಸಾಹತಿನವರು ಇದಾದ ಆರು ವರ್ಷಗಳಿಗೆ, 1640ರಲ್ಲಿ, ಭೂಮಿಯ ಅಡವು ಕ್ರಯಗಳು ದಾಖಲಾಗದಿದ್ದರೆ ಇತರರ ಮೇಲೆ ನಡೆಯಲಾರವೆಂದು ಕಟ್ಟಳೆ ಮಾಡಿದರು. ಇಂದಿಗೂ ಅಲ್ಲಿಯ ಜಿಲ್ಲಾ ಕಚೇರಿಗಳಲ್ಲಿ ಪತ್ರಗಳನ್ನು ದಾಖಲಿಸುವ ಪದ್ಧತಿಗೆ ಅದು ಮೂಲಗಳಲ್ಲೊಂದು. ಎರಡು ನಾಡುಗಳಿಗೂ ಪರಸ್ಪರ ಸಂಬಂಧವೇನೂ ಇಲ್ಲ. ತೊಡಕು ಮಾತ್ರ ಒಂದೇ.

ಶಿಲೆಗಳು ಕೇವಲ ಶೋಭೆಗಾಗಿ ನಿಂತಿರಲಿಲ್ಲ, ಅವುಗಳನ್ನು ಓದಿ ಪರಿಶೀಲಿಸುತ್ತಿದ್ದರೆಂಬುದಕ್ಕೆ ಚಿದಾನಂದಕವಿಯ ಮುನಿವಂಶಾಭ್ಯುದಯದಲ್ಲಿ ಆಧಾರವಿದೆ. ಚಾಮರಾಜ ಒಡೆಯರು ಬೆಳ್ಗೊಳಕ್ಕೆ ಬಂದು, ಹಿಂದಿನವರ ಶಾಸನಗಳನ್ನು ನೋಡಿ ಓದಿಸಿ, ದತ್ತಿಗಳ ವಿವರವನ್ನು ತಿಳಿದುಕೊಂಡರೆಂದೂ, ಚನ್ನಪಟ್ಟಣದ ಜಗದೇವರಾಯನ ಉಪದ್ರವದಿಂದ ಚಾರುಕೀರ್ತಿ ಪಂಡಿತರು ಬೆಳ್ಗೊಳವನ್ನು ಬಿಟ್ಟು ಭಲ್ಲಾತಕೀಪುರವೆಂಬ ಗೇರಸೊಪ್ಪೆಯಲ್ಲಿದ್ದರೆಂದೂ ಕವಿ ಹೇಳುತ್ತಾನೆ. ಮಠಾಧಿಪತಿಗಳಿಲ್ಲದ ಊರಿನಲ್ಲಿ, ದತ್ತಿಯ ವಿಷಯದಲ್ಲಿ ಪ್ರಮಾಣವಾಗಿ ಉಳಿದಿದ್ದುದು ಕಲ್ಲಿನ ಬರಹ. ಅರಸರು ಅದನ್ನು ಇಂದಿನವರು ನೋಂದಣಿ ಪುಸ್ತಕವನ್ನು ತೆಗೆಸಿ ನೋಡುವಂತೆ ನೋಡಿದರು.

ಮುಂದಿನ ಕಾಲದಲ್ಲಿ ದಾಖಲೆಯ ಭಾರವು ಕ್ರಮೇಣ ಕಲ್ಲಿನಿಂದ ಕಡತಕ್ಕೆ ಇಳಿಯಿತು. ಬಟ್ಟೆಗೆ ಇದ್ದಲಿನ ಪುಡಿಯನ್ನು ಬೆರೆಸಿದ ಸರಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕಡತದ ಪರಿಚಯ ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇದ್ದೇ ಇದೆ. ಕಾಗದಕ್ಕಿಂತ ಬಾಳಿಕೆ ಬರುವುದಾದರೂ ಒರಸಿ ಮತ್ತೆ ಬರೆಯಬಹುದಾದ ಸೌಕರ್ಯವೇ ಅದರ ದೋಷವೂ ಆಗಿದೆ. ಆದರೆ ಮೈಸೂರು ಸಂಸ್ಥಾನದ ನಿರೂಪಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಬರುವ ಒಂದು ಆದೇಶವನ್ನು ಇಲ್ಲಿ ನೆನೆಯಬೇಕು: ಈ ನಿರೂಪವನ್ನು ಶಾನುಭೋಗರ ಕಡತಕ್ಕೆ ಬರೆಯಿಸಿ ಅಸಲನ್ನು ಹಕ್ಕುದಾರರಿಗೆ ಹಿಂದಕ್ಕೆ ಕೊಡತಕ್ಕದ್ದೆಂಬ ತಾತ್ಪರ್ಯದ ಮಾತು ಅದು. ಅಸಲು ಒಡೆಯನ ಕೈಗೆ, ನಕಲು ಸರ್ಕಾರದ ಪುಸ್ತಕಕ್ಕೆ. 1634ರಲ್ಲಿ ತಾಮ್ರವೂ ಶಿಲೆಯೂ ಹಂಚಿಕೊಂಡಿದ್ದ ಕರ್ತವ್ಯಗಳು ಇಲ್ಲಿ ಸನ್ನದಿಗೂ ಕಡತಕ್ಕೂ ಬಂದಿವೆ. ಬೆಳ್ಗೊಳದಲ್ಲಿಯೇ ದೊಡ್ಡ ಕೃಷ್ಣರಾಜ ಒಡೆಯರ ದತ್ತಿ ಶಿಲೆಯ ಮೇಲಿದ್ದರೆ, 1810ರ ದಿವಾನ್ ಪೂರ್ಣಯ್ಯನವರ ಮತ್ತು 1830ರ ಮುಮ್ಮಡಿ ಕೃಷ್ಣರಾಜ ಒಡೆಯರ ಸನ್ನದುಗಳು ಕಾಗದಕ್ಕೆ ಬಂದವು. ದೊಡ್ಡ ಕೃಷ್ಣರಾಜರ ಶಿಲಾಶಾಸನದಲ್ಲಿ ಶಕ 1621 ಎಂದೂ ಶೋಭಕೃತು ಸಂವತ್ಸರವೆಂದೂ ಇದೆ, ಅವೆರಡೂ ಹೊಂದುವುದಿಲ್ಲ. ಶೋಭಕೃತು ಶಕ 1645, ಅಂದರೆ 1723ಕ್ಕೆ ಸರಿಹೋಗುತ್ತದೆ. ಕಲ್ಲೂ ತಪ್ಪು ಹೇಳಬಲ್ಲದೆಂಬುದನ್ನು ಶಿಲೆಯ ಪಕ್ಷಪಾತಿಗಳು ಮರೆಯಬಾರದು.

ಬ್ರಿಟಿಷ್ ಆಳ್ವಿಕೆಯ ಪ್ರಾಂತಗಳಲ್ಲಿ 1864ರ 16ನೆಯ ಕಾಯಿದೆಯು 1865ರ ಜನವರಿ 1ರಿಂದ ಜಾರಿಗೆ ಬಂದು, ಹಲವು ಮಾರ್ಪಾಡುಗಳ ತರುವಾಯ 1908ರ ನೋಂದಣಿ ಕಾಯಿದೆಯಾಗಿ ನೆಲೆಗೊಂಡಿತು. ನೂರು ರೂಪಾಯಿಗೂ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವ ಪತ್ರವು ಬರೆದ ನಾಲ್ಕು ತಿಂಗಳೊಳಗಾಗಿ ಉಪನೋಂದಣಾಧಿಕಾರಿಯ ಮುಂದೆ ಹಾಜರಾಗಬೇಕು. ಅದರ ಪ್ರತಿ ಒಂದನೆಯ ಪುಸ್ತಕಕ್ಕೆ ಸೇರಬೇಕು. ಅಸಲು ಹಾಜರುಪಡಿಸಿದವನಿಗೆ ಹಿಂತಿರುಗಬೇಕು. ಶುಲ್ಕ ತೆತ್ತ ಯಾರು ಬೇಕಾದರೂ ಆ ಪುಸ್ತಕವನ್ನು ನೋಡಬಹುದು. ಸ್ವತ್ತಿನ ಹೆಸರಿನಿಂದಲೂ ವ್ಯಕ್ತಿಯ ಹೆಸರಿನಿಂದಲೂ ಹುಡುಕಲು ಸೂಚಿಗಳಿವೆ. ಋಣಭಾರದ ಪ್ರಮಾಣಪತ್ರವೆಂಬುದು ಆ ಸೂಚಿಗಳ ಶೋಧದ ಫಲ. ನೋಂದಣಿಯಾದ ಪತ್ರವು ಎಲ್ಲರಿಗೂ ತಿಳಿದಂತೆಯೇ ಎಂಬ ಭಾವವನ್ನು 1929ರ ತಿದ್ದುಪಡಿಯು ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಸೇರಿಸಿತು. ಗೊಮ್ಮಟನ ಸನ್ನಿಧಿಯ ಕಲ್ಲು ಮಾಡುತ್ತಿದ್ದುದು ಇದನ್ನೇ. ಆದರೆ ಒಂದು ವ್ಯತ್ಯಾಸವಿದೆ. ಕಚೇರಿಯ ಅಧಿಕಾರಿಯು ಪತ್ರವನ್ನು ದಾಖಲಿಸುತ್ತಾನೆ. ಕೊಡುವವನಿಗೆ ಕೊಡುವ ಹಕ್ಕಿತ್ತೇ ಎಂದು ನಿರ್ಣಯಿಸುವುದು ಅವನ ಕೆಲಸವಲ್ಲ. ಬೆಳ್ಗೊಳದ ಶಿಲೆಯಲ್ಲಿ ವಿಚಾರಣೆಯೂ ನಿರ್ಣಯವೂ ದಾಖಲೆಯೂ ಒಂದೇ ಮುಖದಲ್ಲಿವೆ. ದೇವಸ್ವದ ದೃಷ್ಟಿಯಿಂದ ಇದು ಸಣ್ಣ ಅಂತರವಲ್ಲ: ಅಧಿಕಾರವಿಲ್ಲದವನು ಬರೆದ ಪತ್ರವೂ ನೋಂದಣಿ ಪುಸ್ತಕದಲ್ಲಿ ಸುಂದರವಾಗಿ ಕುಳಿತಿರಬಲ್ಲದು.

ಕಡೆಗೆ ಹಸ್ತಪ್ರತಿ ಭಂಡಾರಗಳಿಗೆ ಸಂಬಂಧಿಸಿದ ಒಂದು ಮಾತು. 1634ರ ಶಾಸನಗಳಲ್ಲಿ ಅಡವಿನ ಬಿಡುಗಡೆ ಉಳಿದಿದೆ. ಅಡವಿನ ಮೂಲಪತ್ರಗಳ ಪಾಠವಿಲ್ಲ. ಯಾವ ಹೊಲಕ್ಕೆ ಎಷ್ಟು ವರಹ, ಬಡ್ಡಿಯ ಬದಲು ಫಲವೆಲ್ಲವೂ ಸಂದಿತೇ, ಸ್ಥಾನದವರು ಯಾವ ಕಷ್ಟಕ್ಕೆ ಸಿಲುಕಿ ಕೈಯೊಡ್ಡಿದರು, ಇವನ್ನು ತಿಳಿಸಬಲ್ಲವು ಅಂತಹ ಓಲೆಗಳೇ. ಮಠಬಸದಿಗಳ ಕಟ್ಟುಗಳಲ್ಲಿ ಆಗಮ, ಪುರಾಣ, ವೈದ್ಯ, ಜ್ಯೋತಿಷಗಳ ನಡುವೆ ಕ್ರಯದ ಓಲೆ, ಭೋಗ್ಯದ ಓಲೆ, ಸಂದಾಯದ ಚೀಟಿಗಳು ಸೇರಿಕೊಂಡಿರುವುದುಂಟು. ಸೂಚಿಗಳನ್ನು ಸಿದ್ಧಪಡಿಸುವವರು ಗ್ರಂಥಕರ್ತೃವಿಲ್ಲವೆಂಬ ಕಾರಣದಿಂದ ಇವನ್ನು ‘ಬಿಡಿ ಗರಿಗಳು’ ಎಂಬ ಶೀರ್ಷಿಕೆಯಡಿ ಒಂದೇ ಸಂಖ್ಯೆಯಲ್ಲಿ ಮುಗಿಸಿಬಿಡುತ್ತಾರೆ; ಕೆಲವೆಡೆ ಅವು ಗ್ರಂಥಗಳಿಗೆ ರಕ್ಷಾಪತ್ರಗಳಾಗಿ ಮೇಲೆ ಕೆಳಗೆ ಇರಿಸಲ್ಪಟ್ಟು ಮೊದಲು ಶಿಥಿಲವಾಗುತ್ತವೆ. ಇಂತಹ ಪ್ರತಿಯೊಂದು ಗರಿಯ ಸಂವತ್ಸರ, ಮಾಸ, ತಿಥಿ, ಕೊಟ್ಟವರು, ಕೊಂಡವರು, ಕ್ಷೇತ್ರದ ಎಲ್ಲೆ, ಮೊತ್ತ, ಸಾಕ್ಷಿಗಳು, ಬರೆದವನ ಹೆಸರು ಇಷ್ಟನ್ನಾದರೂ ಸೂಚಿಯಲ್ಲಿ ಪ್ರತ್ಯೇಕ ಸಂಖ್ಯೆಯೊಡನೆ ನಮೂದಿಸಬೇಕು. ಎಲ್ಲೆ ಹೇಳುವಾಗ ಬರುವ ಕೆರೆ, ಓಣಿ, ಬಸದಿಗಳ ಹೆಸರುಗಳನ್ನು ಯಥಾಪಾಠವಾಗಿ ಬರೆದುಕೊಳ್ಳಬೇಕು. ಶಾಸನಗಳಲ್ಲಿ ಬರುವ ಸ್ಥಳಗಳನ್ನು ಗುರುತಿಸಲು ಅವು ನೆರವಾಗುತ್ತವೆ. ಓಲೆಯ ಬೆನ್ನಿನ ಮೇಲಿನ ಸಣ್ಣಕ್ಷರಗಳನ್ನು ಬಿಡಬಾರದು: ಸಾಲ ಸಂದಿತೆಂಬ ಮಾತು ಅನೇಕವೇಳೆ ಅಲ್ಲಿಯೇ ಇರುತ್ತದೆ.